ಗಿಡ್ಡ ಅಂತ ಕೈಬಿಡುವ ಮುಂಚೆ: ಸಣ್ಣ ಮೈಕಟ್ಟಿನ, ದೊಡ್ಡ ಆಟದ ಹಾಕಿ ಫಾರ್ವರ್ಡ್‌ನನ್ನು ಗುರುತಿಸುವುದು ಹೇಗೆ

ಸೆಲೆಕ್ಷನ್ ದಿನ ನಾವು ಮೊದಲು ಏನು ಮಾಡುತ್ತೇವೆ? ಗೋಡೆಗೆ ಟೇಪ್ ಅಂಟಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇವೆ. ಎತ್ತರ, ತೂಕ, ಓಟ, ಜಿಗಿತ. ಸ್ಟಿಕ್ ಕೈಗೆ ಬರುವುದು ಆಮೇಲೆ. ಅಷ್ಟರಲ್ಲಿ ನಮ್ಮ ಮನಸ್ಸಿನಲ್ಲಿ ಅರ್ಧ ಪಟ್ಟಿ ತಯಾರಾಗಿರುತ್ತದೆ.

ನಾನೂ ಹಾಗೇ ಮಾಡಿದವನು. ಬಹಳ ವರ್ಷದ ಹಿಂದೆ ಗದಗದಲ್ಲಿ 14 ವರ್ಷದೊಳಗಿನವರ ಆಯ್ಕೆಗೆ ಕೂತಿದ್ದೆ. ಬೆಟಗೇರಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಉಳಿದವರ ಭುಜದ ತನಕ ಬರುತ್ತಿದ್ದ, ಅಷ್ಟೇ. ಅಣ್ಣನ ಸ್ಟಿಕ್ ಹಿಡಿದಿದ್ದ. ಗರಸು ಮಣ್ಣಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ ಅಂತ ಯಾರಿಗೂ ಗೊತ್ತಾಗದಿದ್ದಾಗ ಅವನಿಗೆ ಮಾತ್ರ ಗೊತ್ತಾಗುತ್ತಿತ್ತು. ನಾನು ಹಾಳೆಯಲ್ಲಿ ಬರೆದೆ: 'ಆಟ ಚೆನ್ನಾಗಿದೆ, ಮೈ ಸಾಲದು.' ಮೂರು ವರ್ಷ ಕಳೆದ ಮೇಲೆ ಹುಬ್ಬಳ್ಳಿಯ ಮೈದಾನವೊಂದರಲ್ಲಿ ಅವನೇ ಬಂದು ಮಾತಾಡಿಸಿದ. ತಮ್ಮನನ್ನು ಟ್ರಯಲ್ಸ್‌ಗೆ ಕರೆತಂದಿದ್ದ. ನನಗಿಂತ ನಾಲ್ಕು ಬೆರಳು ಎತ್ತರ ಆಗಿದ್ದ. ನೀನು ಎಲ್ಲಿ ಆಡ್ತಿದ್ದೀಯಾ ಅಂತ ಕೇಳಿದೆ. "ಆ ವರ್ಷನ ಬಿಟ್ಬಿಟ್ನಿರಿ ಸರ್" ಅಂದ. ಸಿಟ್ಟು ಇರಲಿಲ್ಲ. ಸುಮ್ನೆ ಹೇಳಿದ.

ಅವತ್ತಿನಿಂದ ನಾನು ಮಕ್ಕಳನ್ನು ನೋಡುವ ರೀತಿ ಬದಲಾಯಿಸಿದೆ. ಶಾಲೆಯ ದೈಹಿಕ ಶಿಕ್ಷಕರಿಗೆ, ಕ್ಲಬ್ ನಡೆಸುವವರಿಗೆ, ಮಕ್ಕಳನ್ನು ಆಡಿಸುವ ಹಿರಿಯ ಆಟಗಾರರಿಗೆ ಉಪಯೋಗ ಆಗಲಿ ಅಂತ ಆ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಐಸ್ ಹಾಕಿಯ ಕಡೆ ಒಂದು ನೋಟ

ನಮ್ಮ ಕಡೆ ಹಾಕಿ ಅಂದರೆ ಮಣ್ಣಿನ ಹಾಕಿ. ಹುಬ್ಬಳ್ಳಿಯ ಸೆಟ್ಲಮೆಂಟ್ ಬಡಾವಣೆಯಲ್ಲಿ, ಬೆಟಗೇರಿಯಲ್ಲಿ ಈ ಆಟದ ನಂಟು ತುಂಬಾ ಹಳೆಯದು. ಐಸ್ ಹಾಕಿ ಕೆನಡಾ, ಅಮೆರಿಕದ ಆಟ. ನಮಗೂ ಅದಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಆದರೆ 'ಆಟ ಇದೆ, ಮೈ ಇಲ್ಲ' ಅನ್ನುವ ಮಗುವನ್ನು ಏನು ಮಾಡಬೇಕು ಅಂತ ಅವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ.

ಅಲ್ಲಿ ಮೈಗೆ ಮೈ ಗುದ್ದುವುದು ನಿಯಮದೊಳಗೇ ಇದೆ. ಬಾಡಿ ಚೆಕ್ ಅಂತಾರೆ. ರಿಂಕ್ 200 ಅಡಿ ಉದ್ದ, 85 ಅಡಿ ಅಗಲ, ಸುತ್ತಲೂ ಹಲಗೆಯ ಗೋಡೆ. ಓಡಿ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಹಾಗಾಗಿ ಗಿಡ್ಡ ಆಟಗಾರ ಬೇಡ ಅನ್ನುವುದಕ್ಕೆ ಅವರ ಹತ್ತಿರ ಒಂದು ಕಾರಣವಾದರೂ ಇತ್ತು. ಆ ಲೆಕ್ಕವೂ ತಪ್ಪಾಯಿತು.

ಮಾರ್ಟಿನ್ ಸೇಂಟ್ ಲೂಯಿ ಅಂತ ಒಬ್ಬರು. ಎತ್ತರ 5 ಅಡಿ 8 ಇಂಚು. ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್. ಅದರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರ ಹೆಸರು ಕರೆಯಲಿಲ್ಲ. ಕ್ಯಾಲ್ಗರಿ ತಂಡ ಸೇರಿಸಿಕೊಂಡು 2000ದಲ್ಲಿ ಬಿಟ್ಟುಬಿಟ್ಟಿತು. ಟ್ಯಾಂಪಾ ಬೇ ಕರೆದುಕೊಂಡಿತು. 2004ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಸೇರಿ) ಅವರದು, ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರದು, ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಅವರ ತಂಡದ್ದು. 2013ರಲ್ಲಿ, 37ನೇ ವಯಸ್ಸಿನಲ್ಲಿ, ಮತ್ತೊಮ್ಮೆ ಅತಿ ಹೆಚ್ಚು ಅಂಕ ಗಳಿಸಿದರು. ಥಿಯೋ ಫ್ಲೂರಿ ಇನ್ನೂ ಗಿಡ್ಡ, 5 ಅಡಿ 6 ಇಂಚು. 1987ರ ಡ್ರಾಫ್ಟ್‌ನಲ್ಲಿ 166ನೆಯವರಾಗಿ ಆಯ್ಕೆಯಾದರು. ಲೀಗ್‌ನಲ್ಲಿ 455 ಗೋಲು ಹೊಡೆದರು. ಗಿಡ್ಡ ಮೈಯವರೇ ಆದ ಜಾನಿ ಗಾಡ್ರೋ 2011ರಲ್ಲಿ 104ನೆಯವರು. ಅಂಥವರೇ ಅಲೆಕ್ಸ್ ಡೆಬ್ರಿಂಕಟ್ 2016ರಲ್ಲಿ 39ನೆಯವರು. ಇವರಿಗಿಂತ ಮುಂಚೆ ಆಯ್ಕೆಯಾದ ಎಷ್ಟೋ ದೊಡ್ಡ ಮೈಯವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ನಿಯಮವೂ ಇವರ ಕಡೆಗೆ ತಿರುಗಿತು. 2005-06ರ ಸೀಸನ್‌ನಿಂದ ಎನ್‌ಎಚ್‌ಎಲ್‌ನಲ್ಲಿ ಹಿಡಿದು ಎಳೆಯುವುದಕ್ಕೆ, ಸ್ಟಿಕ್ ಸಿಕ್ಕಿಸುವುದಕ್ಕೆ ಬಿಗಿಯಾಗಿ ಶಿಕ್ಷೆ ಕೊಡಲು ಶುರು ಮಾಡಿದರು. ವೇಗ ಮತ್ತು ಕೈಚಳಕಕ್ಕೆ ಬೆಲೆ ಬಂತು. ನಮ್ಮ ಹಾಕಿಯಲ್ಲೂ ಹಾಗೇ ಆಯಿತಲ್ವಾ? 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲಿನ ಟರ್ಫ್ ಬಂತು. ಫಾರ್ವರ್ಡ್ ಮುಂದೆ ಹೋಗಿ ನಿಲ್ಲುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮ 1990ರ ದಶಕದಲ್ಲಿ ಹೋಯಿತು. 2009ರಲ್ಲಿ ಸೆಲ್ಫ್ ಪಾಸ್ ಬಂತು, ಅಂದರೆ ಫ್ರೀ ಹಿಟ್ ತೆಗೆದುಕೊಂಡವನೇ ಚೆಂಡನ್ನು ಮುಂದೆ ಒಯ್ಯಬಹುದು. ಜೊತೆಗೆ ನಮ್ಮದು 91.4 ಮೀಟರ್ ಉದ್ದ, 55 ಮೀಟರ್ ಅಗಲದ ಬಯಲು. ಮೈ ಹಾಕಿ ತಳ್ಳಿದರೆ ಫೌಲ್. ಗುದ್ದಾಡುವ ಆಟದವರೇ ಟೇಪ್ ಪಕ್ಕಕ್ಕಿಟ್ಟ ಮೇಲೆ, ಗುದ್ದಿದರೆ ಸೀಟಿ ಊದುವ ಆಟದವರು ನಾವು ಅದನ್ನು ಯಾಕೆ ಹಿಡಿದು ಕೂತಿದ್ದೇವೆ?

ಹೆಜ್ಜೆ 1: ಗಿಡ್ಡ ಯಾಕೆ ಅಂತ ತಿಳಿದುಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ಗಿಡ್ಡ ಮಕ್ಕಳಲ್ಲಿ ಎರಡು ಬಗೆ. ಒಬ್ಬ ಇನ್ನೂ ಬೆಳೆಯಬೇಕಾದವನು. ಇನ್ನೊಬ್ಬ ಬೇಗ ಬೆಳೆದು ಮುಗಿಸಿದವನು. 13 ವರ್ಷಕ್ಕೇ ಮೀಸೆ ಮೂಡಿ, ದನಿ ಒಡೆದು, ತೊಡೆ ಗಟ್ಟಿಯಾದ ಗಿಡ್ಡ ಹುಡುಗ ಇವತ್ತು ಎಲ್ಲರನ್ನೂ ದಾಟಿ ಓಡುತ್ತಾನೆ. ಎರಡು ವರ್ಷ ಬಿಟ್ಟರೆ ಉಳಿದವರು ಅವನನ್ನು ಹಿಡಿಯುತ್ತಾರೆ. ಅದೇ ವಯಸ್ಸಿನ, ಇನ್ನೂ ಚಿಕ್ಕ ಮಗುವಿನ ದನಿಯ ಹುಡುಗ ಅದೇ ಮೈದಾನದಲ್ಲಿ ಸರಿಸಮ ಆಡುತ್ತಿದ್ದರೆ, ಅವನು ಆಡುತ್ತಿರುವುದು ಬರೀ ತಲೆ ಮತ್ತು ಕೈಯಿಂದ. ಮೈ ಆಮೇಲೆ ಬರುತ್ತದೆ.

ಗಂಡುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಹೊತ್ತಿಗೆ, ಹೆಣ್ಣುಮಕ್ಕಳು 12ರ ಹೊತ್ತಿಗೆ. ಆದರೆ ಇದು ಒಂದೆರಡು ವರ್ಷ ಹಿಂದೆ ಮುಂದೆ ಆಗುತ್ತದೆ. ಅದಕ್ಕೂ ಮುಂಚೆ ವರ್ಷಕ್ಕೆ 5-6 ಸೆಂಟಿಮೀಟರ್ ಬೆಳೆಯುವ ಹುಡುಗ ಆ ಹೊತ್ತಿನಲ್ಲಿ 9-10 ಸೆಂಟಿಮೀಟರ್ ಬೆಳೆಯುತ್ತಾನೆ. ಇದನ್ನು ಹಿಡಿಯಲು ಮಷೀನ್ ಬೇಡ. ಮೂರು ತಿಂಗಳಿಗೊಮ್ಮೆ ಅಳೆಯಿರಿ. ಬರಿಗಾಲಲ್ಲಿ, ಬೆಳಿಗ್ಗೆಯೇ, ಅದೇ ಗೋಡೆಗೆ. ಸಂಜೆ ಹೊತ್ತಿಗೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರುತ್ತದೆ, ಹಾಗಾಗಿ ಹೊತ್ತು ಬದಲಾಯಿಸಬೇಡಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿದರೆ ಬೆಳೆಯುವ ಕಾಲ ಶುರುವಾಗಿದೆ ಅಂತ ಅರ್ಥ. ಮೊದಲು ಕಾಲು ಉದ್ದ ಆಗುತ್ತದೆ, ಆಮೇಲೆ ಮುಂಡ. ಹೋದ ಜೂನ್‌ನಲ್ಲಿ ಹೊಲಿಸಿದ ಶಾಲೆ ಪ್ಯಾಂಟು ಕಣಕಾಲಿನ ಮೇಲೆ ಬಂದಿದೆಯಾ ನೋಡಿ. ಅದು ಟೇಪಿನಷ್ಟೇ ನಿಜ ಹೇಳುತ್ತದೆ.

ಅಪ್ಪ ಅಮ್ಮನ ಎತ್ತರ ಕೇಳಿ. ಇಬ್ಬರದನ್ನೂ ಕೂಡಿಸಿ, ಹುಡುಗನಾದರೆ 13 ಸೆಂಟಿಮೀಟರ್ ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ತಂದೆ 168, ತಾಯಿ 155 ಇದ್ದರೆ ಮಗ ಸುಮಾರು 168ರ ಆಸುಪಾಸು. ಎಂಟು ಒಂಬತ್ತು ಸೆಂಟಿಮೀಟರ್ ಆಚೆ ಈಚೆ ಆಗಬಹುದು. ಇದು ಭವಿಷ್ಯ ಹೇಳುವ ಸೂತ್ರ ಅಲ್ಲ, ಒಂದು ಅಂದಾಜು ಅಷ್ಟೇ.

ಇನ್ನೊಂದು ಮುಖ್ಯ ಮಾತು, ಹುಟ್ಟಿದ ತಿಂಗಳು. ಕೆನಡಾದ ಐಸ್ ಹಾಕಿಯಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಅಲ್ಲಿ ಒಳ್ಳೆಯ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಜಾಸ್ತಿ ಅಂತ 1985ರಲ್ಲೇ ಸಂಶೋಧಕರು ಬರೆದರು. ಜನವರಿಯವನು ಡಿಸೆಂಬರ್‌ನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಆದರೆ ಆಡುವುದು ಒಂದೇ ಗುಂಪಿನಲ್ಲಿ. ನಾವು ಹನ್ನೊಂದು ತಿಂಗಳ ವಯಸ್ಸನ್ನು ಪ್ರತಿಭೆ ಅಂತ ತಿಳಿಯುತ್ತೇವೆ. ಹಾಗಂತ ಇಲ್ಲಿ ಸುಮ್ನೆ ಶಾಲೆ ದಾಖಲೆ ನೋಡಿದರೆ ಸಾಲದು. ಜೂನ್ 1 ಅಂತ ಹುಟ್ಟಿದ ದಿನ ಬರೆಸಿದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಅಂತ ನಿಮಗೆ ಗೊತ್ತೇ ಇದೆ. ಈಗ ಜನನ ಪ್ರಮಾಣಪತ್ರ ಬಂದ ಮೇಲೆ ಕಡಿಮೆಯಾಗಿದೆ. ಆದರೂ ತಾಯಿಯನ್ನೇ ಕೇಳಿ. "ದೀಪಾವಳಿ ಮುಂದ", "ಕಾರಹುಣ್ಣಿಮಿ ಆದಮ್ಯಾಗ" ಅಂತ ಹೇಳುತ್ತಾರೆ. ಆ ನೆನಪು ತಪ್ಪುವುದಿಲ್ಲ.

ಹೆಜ್ಜೆ 2: ಕೈಯಲ್ಲಿರುವ ಸ್ಟಿಕ್ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ನಮ್ಮ ಮಕ್ಕಳು ಅಣ್ಣನದೋ ಕ್ಲಬ್ಬಿನದೋ 36.5 ಇಂಚಿನ ದೊಡ್ಡವರ ಸ್ಟಿಕ್ ಹಿಡಿದು ಬರುತ್ತಾರೆ. ನಾಲ್ಕೂವರೆ ಅಡಿಯ ಮಗುವಿಗೆ ಅದು ತುಂಬಾ ಉದ್ದ. ಡ್ರಿಬಲ್ ಮಾಡುವಾಗ ಸ್ಟಿಕ್ಕಿನ ತುದಿ ಹೊಟ್ಟೆಗೆ ಚುಚ್ಚುತ್ತದೆ. ಅದಕ್ಕೆ ಎಡಗೈಯನ್ನು ಒಂದು ಗೇಣು ಕೆಳಗಿಳಿಸಿ ಹಿಡಿಯುತ್ತಾನೆ. ನೆಟ್ಟಗೆ ನಿಲ್ಲುತ್ತಾನೆ. ಚೆಂಡು ಕಾಲ ಹತ್ತಿರ ಬಂದುಬಿಡುತ್ತದೆ. ನಾವು 'ಬಗ್ಗುವುದಿಲ್ಲ, ರೀಚ್ ಇಲ್ಲ' ಅಂತ ಬರೆಯುತ್ತೇವೆ.

ಪಕ್ಕದಲ್ಲಿ ನಿಲ್ಲಿಸಿದರೆ ಸ್ಟಿಕ್ ಸೊಂಟದ ಎಲುಬಿನ ಮಟ್ಟಕ್ಕೆ ಬಂದರೆ ಸರಿ. ನಾನು ಟ್ರಯಲ್ಸ್‌ಗೆ ಹೋಗುವಾಗ 34 ಮತ್ತು 35 ಇಂಚಿನ ಎರಡು ಹಳೆಯ ಸ್ಟಿಕ್ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಕೊಟ್ಟು ಹತ್ತು ನಿಮಿಷ ಆಡಿಸಿ. ಮೊದಲ ಎರಡು ನಿಮಿಷ ತಡಬಡಾಯಿಸುತ್ತಾನೆ. ಆಮೇಲೆ ಬೇರೆ ಹುಡುಗನೇ ಕಾಣಿಸುತ್ತಾನೆ.

ಹೆಜ್ಜೆ 3: ಚೆಂಡು ಬಿಡಿ, ಹುಡುಗನನ್ನು ನೋಡಿ

ಒಂದು ಕ್ವಾರ್ಟರ್, ಅಂದರೆ ಪಂದ್ಯದ ಕಾಲು ಭಾಗ, ಪೂರ್ತಿ ಚೆಂಡಿನ ಕಡೆ ನೋಡಬೇಡಿ. ಕಷ್ಟ, ಆದರೆ ಅಭ್ಯಾಸ ಆಗುತ್ತದೆ. ಆ ಹುಡುಗನ ತಲೆ ನೋಡಿ. ಪಾಸ್ ಬರುವ ಮುಂಚೆ ಎಷ್ಟು ಸಲ ಹೆಗಲ ಮೇಲಿಂದ ಹಿಂದೆ ನೋಡಿದ? ಸಣ್ಣ ಮೈಯ ಆಟಗಾರ ಬದುಕುವುದೇ ಇದರಿಂದ. ದೊಡ್ಡವನಿಗೆ ಡಿಕ್ಕಿ ಆದಮೇಲೂ ಚೆಂಡು ಉಳಿಯಬಹುದು. ಸಣ್ಣವನು ಡಿಕ್ಕಿಯೇ ಆಗದ ಹಾಗೆ ನೋಡಿಕೊಳ್ಳಬೇಕು. ಡಿಫೆಂಡರ್ ಎಲ್ಲಿದ್ದಾನೆ ಅಂತ ಮುಂಚೆಯೇ ಗೊತ್ತಿದ್ದರೆ ಮಾತ್ರ ಅದು ಸಾಧ್ಯ.

ಎಲ್ಲಿ ನಿಲ್ಲುತ್ತಾನೆ ಅನ್ನುವುದನ್ನೂ ನೋಡಿ. ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಂತು, ಚೆಂಡು ಹೊರಟ ಕ್ಷಣ ಮುಂದೆ ನುಗ್ಗುತ್ತಾನಾ? ಇದನ್ನು ಕಲಿಸಲು ವರ್ಷಗಳು ಬೇಕು. 12ರ ಮಗುವಿನಲ್ಲಿ ತಾನಾಗಿ ಇದ್ದರೆ ದೊಡ್ಡದಾಗಿ ಬರೆದುಕೊಳ್ಳಿ.

ಹೆಜ್ಜೆ 4: ನಾಲ್ಕು ಕಾಲಮ್ಮಿನ ಲೆಕ್ಕ

ಒಂದು ನೋಟ್‌ಬುಕ್ ಸಾಕು. ನಾಲ್ಕು ಗೆರೆ ಎಳೆಯಿರಿ. ಚೆಂಡು ಬಂತು, ಉಳಿಯಿತು, ಮುಂದೆ ಹೋಯಿತು, ಡಿ ಒಳಗೆ (ಗೋಲಿನ ಮುಂದಿನ ಅರ್ಧಚಂದ್ರದೊಳಗೆ) ಹೋಯಿತು. ಪ್ರತಿ ಸಲ ಒಂದು ಕಡ್ಡಿ ಹಾಕಿ. ಆಟ ಮುಗಿದ ಮೇಲೆ ನೋಡಿದರೆ ನಿಮಗೇ ಅಚ್ಚರಿಯಾಗುತ್ತದೆ. ಮೈದಾನದಲ್ಲಿ ಕಣ್ಣಿಗೆ ಬಿದ್ದ ದೊಡ್ಡ ಹುಡುಗನಿಗೆ ಹತ್ತು ಸಲ ಚೆಂಡು ಬಂದು ನಾಲ್ಕು ಸಲ ಉಳಿದಿರುತ್ತದೆ. ಕಣ್ಣಿಗೇ ಬೀಳದ ಗಿಡ್ಡನದು ಎಂಟು ಉಳಿದಿರುತ್ತದೆ.

'ಉಳಿಯಿತು' ಮತ್ತು 'ಮುಂದೆ ಹೋಯಿತು' ಎರಡಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಎಚ್ಚರ. ಚೆಂಡು ಬಿಡದೆ ಅಲ್ಲೇ ಸುತ್ತುವ ಹುಡುಗ ಅವನು. ನೋಡುವವರು ಚಪ್ಪಾಳೆ ಹೊಡೆಯುತ್ತಾರೆ, ಆಟ ನಿಂತಲ್ಲೇ ನಿಂತಿರುತ್ತದೆ. ಕೈಚಳಕ ಬೇರೆ, ಆಟ ಬೇರೆ. ಗಿಡ್ಡ ಅನ್ನುವ ಕರುಣೆಯಿಂದ ಇದನ್ನು ಮಾಫಿ ಮಾಡಬೇಡಿ.

ಜೊತೆಗೆ, ಎರಡೂ ಕಡೆ ದಾಟುತ್ತಾನಾ ನೋಡಿ. ಹೆಚ್ಚಿನ ಮಕ್ಕಳು ಡಿಫೆಂಡರ್‌ನ ಎಡಗಡೆಗೇ ಹೋಗುತ್ತಾರೆ, ಯಾಕೆಂದರೆ ಅವನು ಆ ಕಡೆ ರಿವರ್ಸ್ ಸ್ಟಿಕ್ ಬಳಸಬೇಕು, ಅಂದರೆ ಸ್ಟಿಕ್ ತಿರುಗಿಸಿ ಹಿಡಿದು ಆಡಬೇಕು. ಒಳ್ಳೆ ಡಿಫೆಂಡರ್‌ಗೆ ಅದು ಬೇಗ ಗೊತ್ತಾಗುತ್ತದೆ.

ಹೆಜ್ಜೆ 5: ಡಿ ಒಳಗೆ ಹೋಗುತ್ತಾನಾ?

ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶ ಇದ್ದರೆ ನಾನು ಇದನ್ನೇ ಕೇಳುತ್ತೇನೆ. ಐಸ್ ಹಾಕಿಯ ಸ್ಕೌಟ್‌ಗಳು (ತಂಡಕ್ಕೆ ಆಟಗಾರರನ್ನು ಹುಡುಕುವವರು) ಗಿಡ್ಡ ಫಾರ್ವರ್ಡ್‌ನಲ್ಲಿ ಮೊದಲು ಹುಡುಕುವುದೂ ಇದನ್ನೇ. ಗೋಲಿನ ಮುಂದಿನ ಜಾಗದಲ್ಲಿ ಏಟು ಬೀಳುತ್ತದೆ. ಕೈಚಳಕ ಇರುವ ಎಷ್ಟೋ ಮಕ್ಕಳು ಹಲಗೆಯ ಪಕ್ಕದಲ್ಲೇ ಸುತ್ತುತ್ತಾ ಚೆಂದ ಕಾಣುತ್ತಾರೆ, ಒಳಗೆ ಬರುವುದಿಲ್ಲ.

ನಮ್ಮಲ್ಲಿ ಗೋಲು ಆಗುವುದು ಡಿ ಒಳಗಿಂದ ಹೊಡೆದರೆ ಮಾತ್ರ. 14.63 ಮೀಟರಿನ ಆ ಅರ್ಧಚಂದ್ರದೊಳಗೆ ಸ್ಟಿಕ್ಕುಗಳು ಕಾಲಿಗೆ ಬೀಳುತ್ತವೆ, ಗೋಲ್‌ಕೀಪರ್ ಮೈಮೇಲೆ ಬರುತ್ತಾನೆ. ಸೈಡ್‌ಲೈನ್ ಬಿಟ್ಟು ಅಲ್ಲಿಗೆ ನುಗ್ಗುವ ಸಣ್ಣ ಹುಡುಗ ಗೋಲು ಹೊಡೆಯದಿದ್ದರೂ ಪೆನಾಲ್ಟಿ ಕಾರ್ನರ್ (ಡಿ ಒಳಗಿನ ಫೌಲಿಗೆ ಸಿಗುವ ಗೋಲಿನ ಅವಕಾಶ) ತರುತ್ತಾನೆ. ಬಗ್ಗಿ ಬರುವ ಮಗುವನ್ನು ಎತ್ತರದ ಡಿಫೆಂಡರ್ ತಡೆಯುವಾಗ ಚೆಂಡು ಆ ಡಿಫೆಂಡರ್‌ನ ಕಾಲಿಗೆ ಬಡಿದು ಫೌಲ್ ಆಗುವುದು ಸಹಜ. ಎಷ್ಟು ಕಾರ್ನರ್ ಈ ಹುಡುಗನಿಂದ ಬಂದವು ಅಂತ ಎಣಿಸಿ. ಸ್ಕೋರ್‌ಶೀಟಿನಲ್ಲಿ ಅದು ಯಾವತ್ತೂ ಅವನ ಹೆಸರಿನಲ್ಲಿ ಇರುವುದಿಲ್ಲ.

ಹೆಜ್ಜೆ 6: ಬಿದ್ದಮೇಲಿನ ಐದು ಸೆಕೆಂಡ್

ಸಣ್ಣ ಹುಡುಗ ಬೀಳುತ್ತಾನೆ. ಬೀಳಲಿ. ಎದ್ದು ಎಲ್ಲಿಗೆ ಓಡುತ್ತಾನೆ? ಅಂಪೈರ್ ಕಡೆ ಕೈ ಎತ್ತುತ್ತಾನಾ, ಚೆಂಡು ಹೋದ ಕಡೆ ಓಡುತ್ತಾನಾ? ಮುಂದಿನ ಸಲ ಅದೇ ಡಿಫೆಂಡರ್ ಎದುರು ಚೆಂಡು ಬೇಕು ಅಂತ ಕೂಗುತ್ತಾನಾ, ಇಲ್ಲ ದೂರ ಸರಿಯುತ್ತಾನಾ? ಇದಕ್ಕೆ ಒಂದು ಪಂದ್ಯ ಸಾಲದು. ಎರಡು ಮೂರು ನೋಡಿ. ಒಂದು ದಿನ ಹೆದರಿದ ಮಾತ್ರಕ್ಕೆ ಹೆದರುಪುಕ್ಕಲ ಅನ್ನಬೇಡಿ. ಜ್ವರ ಇದ್ದಿರಬಹುದು, ಮನೆಯಲ್ಲಿ ಏನೋ ಆಗಿರಬಹುದು.

ಹೆಜ್ಜೆ 7: ಓಟ

100 ಮೀಟರ್ ಓಡಿಸಬೇಡಿ. ಫಾರ್ವರ್ಡ್‌ಗೆ ಬೇಕಾದದ್ದು ಮೊದಲ 10 ಮೀಟರ್, ಅದರಲ್ಲೂ ತಿರುಗಿ ಓಡುವ 10 ಮೀಟರ್. ಚೆಂಡು ಇಲ್ಲದೆ ಒಮ್ಮೆ, ಚೆಂಡಿನೊಂದಿಗೆ ಒಮ್ಮೆ ಓಡಿಸಿ. ಎರಡರ ನಡುವಿನ ಅಂತರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಹೆಜ್ಜೆ 8: ಎರಡು ಬಗೆಯ ನೆಲದ ಮೇಲೆ ನೋಡಿ

ಟರ್ಫ್ ಮೇಲೆ ಕಾಲೇ ಇಟ್ಟಿರದ ಮಕ್ಕಳು ನಮ್ಮಲ್ಲಿ ಜಾಸ್ತಿ. ಗರಸಿನ ಮೈದಾನದಲ್ಲಿ ಚೆಂಡು ಪುಟಿಯುತ್ತದೆ, ಎರೆ ಮಣ್ಣಿನಲ್ಲಿ ಮಳೆ ಬಂದರೆ ಆಟವೇ ಇಲ್ಲ. ಹಾಗಾಗಿ ನಮ್ಮ ಮಕ್ಕಳ ಕೈ ಚುರುಕು, ಆದರೆ ದೂರದ ಜೋರಾದ ಪಾಸ್ ಹಿಡಿದು ಅಭ್ಯಾಸ ಇರುವುದಿಲ್ಲ. ಅಂಥವನನ್ನು ಸೀದಾ ನೀರು ಹಾಕಿದ ಟರ್ಫ್ ಮೇಲೆ ನಿಲ್ಲಿಸಿ ಅರ್ಧ ಗಂಟೆಯಲ್ಲಿ ತೀರ್ಪು ಕೊಡುವುದು ಅನ್ಯಾಯ. ಚೆಂಡು ಅವನು ಎಣಿಸಿದ್ದಕ್ಕಿಂತ ಮುಂಚೆ ಬರುತ್ತದೆ, ಸ್ಟಿಕ್ ಕೆಳಗೆ ನುಸುಳಿ ಹೋಗುತ್ತದೆ. ಕಡಿಮೆ ಅಂದರೆ ನಾಲ್ಕೈದು ಸಲ ಟರ್ಫ್ ಮೇಲೆ ಆಡಲು ಬಿಡಿ. ಮೊದಲ ದಿನ ಎಷ್ಟು ಚೆಂಡು ತಪ್ಪಿಸಿದ, ಐದನೇ ದಿನ ಎಷ್ಟು ಅಂತ ಬರೆದಿಡಿ. ಎಷ್ಟು ಬೇಗ ಹೊಂದಿಕೊಂಡ ಅನ್ನುವುದೇ ಇಲ್ಲಿ ನೋಡಬೇಕಾದದ್ದು.

ಹೆಜ್ಜೆ 9: ಒಂದು ಹೊಸದು ಕಲಿಸಿ, ಆಮೇಲೆ ಮನೆಗೆ ಹೋಗಿ

ಅವನಿಗೆ ಬಾರದ ಒಂದನ್ನು ಹೇಳಿಕೊಡಿ. ರಿವರ್ಸ್ ಹಿಟ್ ಆಗಬಹುದು. ಮೂರು ವಾರ ಬಿಟ್ಟು ಬನ್ನಿ. ಸುಮ್ಮನೆ ಬನ್ನಿ, ಹೇಳದೆ. ಆಟದ ಮಧ್ಯೆ ಅದನ್ನು ಪ್ರಯತ್ನಿಸಿದನಾ? ತಪ್ಪಿದರೂ ಪರವಾಗಿಲ್ಲ.

ಮನೆಗೆ ಹೋದಾಗ ಊಟದ ಬಗ್ಗೆ ಕೇಳಿ, ಆದರೆ ಮುಜುಗರ ಆಗದ ಹಾಗೆ. ಭಾರತ ತಂಡದ ನಾಯಕಿಯಾಗಿದ್ದ ರಾಣಿ ರಾಮ್‌ಪಾಲ್ ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡಿದ್ದಾರೆ. ಮೈಯಲ್ಲಿ ಕಸುವಿಲ್ಲ ಅಂತ ಕೋಚ್ ಮೊದಲು ಸೇರಿಸಿಕೊಳ್ಳಲಿಲ್ಲ. ತರಬೇತಿಗೆ ಹಾಲು ತರಬೇಕಿತ್ತು, ಮನೆಯಲ್ಲಿ ಅಷ್ಟು ಕೊಳ್ಳಲು ಆಗುತ್ತಿರಲಿಲ್ಲ, ನೀರು ಬೆರೆಸಿ ಒಯ್ಯುತ್ತಿದ್ದರು. ಅದೇ ಹುಡುಗಿ 15ನೇ ವಯಸ್ಸಿನಲ್ಲಿ 2010ರ ವಿಶ್ವಕಪ್ ಆಡಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ನಾಯಕತ್ವದ ತಂಡ ನಾಲ್ಕನೇ ಸ್ಥಾನಕ್ಕೆ ಬಂತು. ನಮ್ಮ ಕಡೆ ಜೋಳದ ರೊಟ್ಟಿ, ಬೇಳೆ, ಶೇಂಗಾ ಇದೆ. ಅದರ ಮೇಲೆ ದಿನಕ್ಕೆ ಎರಡು ಮೊಟ್ಟೆಯೋ ಒಂದು ಲೋಟ ಹಾಲೋ ಸಿಕ್ಕರೆ ಎಷ್ಟೋ ಮಕ್ಕಳ ಮೈ ಆರು ತಿಂಗಳಲ್ಲಿ ಬೇರೆಯಾಗುತ್ತದೆ. ಅದರ ಖರ್ಚು ಹೊರುವ ಒಬ್ಬ ಹಳೆಯ ಆಟಗಾರ ಪ್ರತಿ ಓಣಿಯಲ್ಲೂ ಸಿಗುತ್ತಾನೆ, ಕೇಳಬೇಕು ಅಷ್ಟೇ.

ತಂದೆ ತಾಯಿಗೆ ಸುಳ್ಳು ಭರವಸೆ ಬೇಡ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ಕ್ರೀಡಾ ಕೋಟಾದ ನೌಕರಿ ಎಲ್ಲರ ಮನಸ್ಸಿನಲ್ಲೂ ಇದೆ. ಅದು ಇದೆ ಅಂತ ಹೇಳಿ. ಸಿಗುತ್ತದೆ ಅಂತ ಹೇಳಬೇಡಿ.

ಬೆಳೆಯುವ ಕಾಲದಲ್ಲಿ ಆಟ ಸ್ವಲ್ಪ ಕೆಡುತ್ತದೆ ಅನ್ನುವುದನ್ನೂ ಮೊದಲೇ ತಿಳಿಸಿ. ಕಾಲು ಉದ್ದ ಆದಾಗ ಮೈ ಹಿಡಿತಕ್ಕೆ ಸಿಗುವುದಿಲ್ಲ. ಮಂಡಿ ಚಿಪ್ಪಿನ ಕೆಳಗೆ ನೋವು ಬರಬಹುದು. ಆಗ ಜಿಗಿತ, ಓಟ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ. ಈ ಹೊತ್ತಿನಲ್ಲೇ ತುಂಬಾ ಮಕ್ಕಳು 'ನನಗೆ ಆಟ ಬರೋದಿಲ್ಲ' ಅಂತ ಬಿಡುತ್ತಾರೆ.

ಹೆಜ್ಜೆ 10: ಹಾಳೆಯಲ್ಲಿ ಏನು ಬರೆಯಬೇಕು

'ಮೈ ಸಾಲದು' ಅಂತ ಬರೆಯಬೇಡಿ. ಅದರಿಂದ ಮುಂದೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಎತ್ತರ 142. ಆರು ತಿಂಗಳ ಹಿಂದೆ 139. ದನಿ ಒಡೆದಿಲ್ಲ. ಹುಟ್ಟಿದ್ದು ದೀಪಾವಳಿ ಮುಂಚೆ. ಮೂರು ಪಂದ್ಯದಲ್ಲಿ 31 ಸಲ ಚೆಂಡು, 24 ಉಳಿಯಿತು, 17 ಮುಂದೆ, 9 ಡಿ ಒಳಗೆ. 4 ಕಾರ್ನರ್. ಜೋರು ಪಾಸ್ ಹಿಡಿಯುವುದು ಇನ್ನೂ ಕಷ್ಟ. ಆರು ತಿಂಗಳಿಗೆ ಮತ್ತೆ ನೋಡಬೇಕು.' ಇದನ್ನು ಓದಿದ ಆಯ್ಕೆ ಸಮಿತಿಗೆ ಬೇಡ ಅನ್ನಲು ಕಾರಣ ಬೇಕಾಗುತ್ತದೆ.

ತಂಡದಲ್ಲಿ 18 ಜನಕ್ಕೆ ಜಾಗ ಇದ್ದರೆ ಎರಡು ಜಾಗ ಇಂಥ ಮಕ್ಕಳಿಗೆ ಇಡಿ ಅಂತ ನಾನು ಕೇಳುತ್ತಾ ಬಂದಿದ್ದೇನೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು. ಐದೈದು ನಿಮಿಷ ಆಡಿಸಿದರೂ ಸಾಕು, ಅವನು ದೊಡ್ಡ ಮಕ್ಕಳ ಜೊತೆ ಬೆಳೆಯುತ್ತಾನೆ.

ಜಾಗ ಸಿಗದಿದ್ದರೆ ಅದನ್ನು ಗೋಡೆಗೆ ಅಂಟಿಸಿದ ಪಟ್ಟಿಯಿಂದ ಅವನಿಗೆ ತಿಳಿಯುವುದು ಬೇಡ. ನೀವೇ ಕರೆಯಿರಿ. ಚೆನ್ನಾಗಿದ್ದದ್ದು ಎರಡು ಹೇಳಿ, ಕಲಿಯಬೇಕಾದದ್ದು ಒಂದು ಹೇಳಿ. ಮತ್ತೆ ಯಾವ ತಿಂಗಳು, ಯಾವ ಮೈದಾನಕ್ಕೆ ನೋಡಲು ಬರುತ್ತೀರಿ ಅಂತ ಹೇಳಿ. ಆ ದಿನವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಅವನ ಎದುರೇ ಬರೆದುಕೊಳ್ಳಿ. ಆ ದಿನ ಹೋಗಿ.